ಬಾಯಿ ಮುಚ್ಚಿಕೊಂಡೇ ಕಛೇರಿ ಮುಗಿಸುವ ಗಂಗಕ್ಕ

ಹೊಳೆನರಸೀಪುರದ ಅಕ್ಕಿ ಮಿಲ್ಲಿನ ಸಿಮೆಂಟು ಕಣದ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಹಳ್ಳಿಮೈಸೂರಿನಿಂದ ಮೊದಲ ಬಸ್ಸು ಹಿಡಿದು ಬಂದ ಗಂಗಾಂಬಿಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಹಳೇ ಟವೆಲು ಸುತ್ತಿಕೊಂಡು ಕಣದ ಈ ತುದಿಯಿಂದ ಆ ತುದಿಗೆ ಪೊರಕೆ ಎಳೆಯುತ್ತಿದ್ದಾರೆ. ಗುಡಿಸಿ ಮುಗಿದ ಮೇಲೆ ಭತ್ತದ ಸರದಿ. ಚೀಲ ಬಿಚ್ಚಿ ಸುರಿಯಬೇಕು, ಉದ್ದ ಹಿಡಿಯ ಹಲಗೆಯಿಂದ ತೆಳ್ಳಗೆ ಹರಡಬೇಕು, ಬಿಸಿಲು ಏರಿದಂತೆಲ್ಲ ಕಾಲಿನಲ್ಲೇ ಸಾಲು ಬಿಡಿಸುತ್ತ ಮಗುಚಿ ಹಾಕಬೇಕು. ಅಷ್ಟರಲ್ಲಿ ಒಳಗೆ ಯಾರೋ ಮೋಟಾರಿನ ಸ್ವಿಚ್ಚು ಒತ್ತುತ್ತಾರೆ. ಮಿಲ್ಲು ಗೊರಗೊರ ಕೆಮ್ಮಿ, ಮೈ ಕೊಡವಿ, ಆಮೇಲೆ ಒಂದೇ ಹದದ ಗುಂಯ್‌ಗುಡುವಿಕೆಗೆ ಇಳಿಯುತ್ತದೆ. ಗಂಗಕ್ಕನ ತುಟಿ ಮುಚ್ಚಿಯೇ ಇದೆ. ಹತ್ತಿರ ಹೋಗಿ ನಿಂತರೆ ಮಾತ್ರ ಗೊತ್ತಾಗುತ್ತದೆ, ಅದೇ ಸದ್ದು ಅವರೊಳಗಿಂದಲೂ ಬರುತ್ತಿದೆ.

"ನಾನೇನ್ ಬೇಕಂತ ಮಾಡಾಕಿಲ್ಲ ಸಾ," ಎಂದು ನಾಚಿಕೊಳ್ಳುತ್ತಾರೆ. "ಅದು ಶುರುವಾಯ್ತು ಅಂದ್ರೆ ನಂದೂ ಶುರುವಾಯ್ತದೆ. ಎಮ್ಮೆ ಕೂಗುದ್ರೆ ಕರ ಕೂಗಾಕಿಲ್ವಾ, ಅಂಗೆ."

ಈ ಸದ್ದಿಗೂ ನಾಲ್ಕು ಊರಿನ ಜನ ಕಣ್ಣುಮುಚ್ಚಿ ಕೇಳುವ ಹಾಡಿಗೂ ಸಂಬಂಧವಿದೆ ಎಂದರೆ ನಂಬುವುದು ಕಷ್ಟ. ಶನಿವಾರ ಸಂಜೆ ಇದೇ ಮಿಲ್ಲಿನ ಹಿಂದಿನ ಗೋದಾಮಿನಲ್ಲಿ ಅಕ್ಕಿ ಮೂಟೆಗಳ ನಡುವೆ ಜಾಗ ಮಾಡಿಕೊಂಡು 'ಹೊಳೆದಂಡೆ ಮೇಳ' ಅಭ್ಯಾಸಕ್ಕೆ ಕೂರುತ್ತದೆ. ಪ್ರೌಢಶಾಲೆಯ ಮೇಡಂ ಮೈತ್ರೇಯಿ ಇದರ ತಲೆಯಾಳು. ಮಿಲ್ಲಿನ ಯಜಮಾನ ಈಶ್ವರಯ್ಯ, ದೇವಸ್ಥಾನದ ಅರ್ಚಕ ಮುರಳೀಕೃಷ್ಣ, ಬಸ್ಸು ಕಂಡಕ್ಟರ್ ಗುಂಡಯ್ಯ, ಇನ್ನೊಂದಷ್ಟು ಮೇಷ್ಟರು, ನರ್ಸು, ತೆಂಗಿನಕಾಯಿ ವ್ಯಾಪಾರದವರು. ಒಂದೇ ಹಾಡನ್ನು ಕೆಲವರು ಮೇಲಿನ ದಾರಿಯಲ್ಲಿ, ಕೆಲವರು ಕೆಳಗಿನ ದಾರಿಯಲ್ಲಿ ನಡೆಸಿ ಕೊನೆಗೆ ಒಂದೇ ಮನೆಯ ಬಾಗಿಲಿಗೆ ತಂದು ನಿಲ್ಲಿಸುವುದು ಇವರ ಪದ್ಧತಿ. ಮೈಕಿಲ್ಲ, ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಇರುವುದು ಗಂಟಲೊಂದೇ. ದೊಡ್ಡ ಸಭಾಂಗಣಕ್ಕೆ ಕರೆದರೆ ಹೋಗುವುದೂ ಇಲ್ಲ. ಶಾಲೆಯ ಕೊಠಡಿ, ಛತ್ರದ ಪಡಸಾಲೆ, ಗ್ರಂಥಾಲಯದ ಜಗುಲಿ ಇದ್ದರೆ ಸಾಕು. ಉಸಿರು ಕೇಳಿಸುವಷ್ಟು ದೂರದಲ್ಲಿ ಜನ ಕೂತಿರಬೇಕು ಎನ್ನುವುದು ಮೈತ್ರೇಯಿಯವರ ಹಟ.

ಮೇಳದ ಎರಡನೇ ಸಾಲಿನ ಬಲತುದಿಯಲ್ಲಿ ಗಂಗಕ್ಕ ನಿಲ್ಲುತ್ತಾರೆ. ಅವರು ಹಾಡುವುದಿಲ್ಲ. ಕಛೇರಿ ಶುರುವಾದಾಗಿನಿಂದ ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ಒಂದೇ ಒಂದು ಸ್ವರ ಹಿಡಿದಿರುತ್ತಾರೆ. ಮೇಳದವರು ಅದನ್ನು 'ಸ' ಎನ್ನುತ್ತಾರೆ. ಗಂಗಕ್ಕ 'ಮಿಲ್ಲು' ಎನ್ನುತ್ತಾರೆ. ಹಾಡುವವರು ಎಷ್ಟೇ ದೂರ ಅಲೆದರೂ ಕಿವಿಯಂಚಿನಲ್ಲಿ ಆ ಸ್ವರ ಇದ್ದರೆ ದಾರಿ ತಪ್ಪುವುದಿಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂದು ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ. ನಾರು ಹರಿದರೆ ಹೂವು ಎಲ್ಲಿರುತ್ತಿತ್ತು ಎಂದು ಕೇಳುವವರು ಕಡಿಮೆ.

ಆ ನಾರಿಗೂ ಒಂದು ಆಸೆಯಿದೆ. ಬಾಯಿ ತೆರೆದು ಒಂದು ಪದ, ಒಂದೇ ಒಂದು ಪದ, ಮೊದಲಿನಿಂದ ಕೊನೆಯ ತನಕ ಹೇಳಬೇಕು. ಅದೂ ಯಾವುದೋ ಪದವಲ್ಲ, ಅವ್ವನ ಪದ.

ಗಂಗಕ್ಕನ ಗಂಟಲು ಹುಟ್ಟಾ ದಪ್ಪ. ಹುಡುಗಿಯಾಗಿದ್ದಾಗ ಬಾಯಿಬಿಟ್ಟರೆ ಗಂಡುಹುಡುಗರು ತಿರುಗಿ ನೋಡುತ್ತಿದ್ದರಂತೆ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಮುಂದಿನ ಸಾಲಿನಲ್ಲಿ ನಿಂತ ಹುಡುಗಿಯನ್ನು ಮೇಷ್ಟರು ಕೈಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿ, ನೀನು ಬರೀ ತುಟಿ ಆಡಿಸು ಸಾಕು ಎಂದರು. ಮೇಷ್ಟರು ಕೆಟ್ಟವರೇನಲ್ಲ, ಹಾಗೆ ಹೇಳಿ ಒಂದು ಪೆಪ್ಪರಮೆಂಟನ್ನೂ ಕೊಟ್ಟರು ಎಂದು ಗಂಗಕ್ಕ ಅವರ ಪರ ವಹಿಸಿಕೊಳ್ಳುತ್ತಾರೆ. ಅವತ್ತಿನಿಂದ ನಾಲ್ಕು ಜನರ ಮುಂದೆ ಬಾಯಿ ತೆರೆದಿದ್ದಿಲ್ಲ. ಮದುವೆಯಾಗಿ ಹಳ್ಳಿಮೈಸೂರಿಗೆ ಬಂದರು. ಗಂಡ ಚನ್ನಪ್ಪ ಇದೇ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದವರು, ಒಂದು ದಿನ ಲಾರಿಗೆ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು, ಹಿಡಿದದ್ದು ಬಿಡಲಿಲ್ಲ. ಗಂಡ ಬಿಟ್ಟ ಕೆಲಸಕ್ಕೆ ಹೆಂಡತಿ ಬಂದರು. ಮೂಟೆ ಬದಲು ಪೊರಕೆ, ಕೂಲಿ ಅರ್ಧ. ಈಗ ಚನ್ನಪ್ಪ ಮನೆಯಲ್ಲಿ ಎರಡು ಕುರಿ ನೋಡಿಕೊಂಡು ಸಾರು ಮಾಡಿಡುತ್ತಾರೆ. "ಸಾರು ಚೆಂದಾಗ್ ಮಾಡ್ತಾನೆ ಕಣ ಸಾ. ಉಪ್ಪೊಂದು ಮರಿತಾನೆ," ಎಂದು ಗಂಗಕ್ಕ ನಗುತ್ತಾರೆ.

ಮೇಳಕ್ಕೆ ಅವರು ಸೇರಿದ್ದೇ ಒಂದು ಪ್ರಮಾದದಿಂದ. ಮೈತ್ರೇಯಿಯವರು ಮೊದಲು ಹಾಡಿನ ಅಭ್ಯಾಸ ಇಟ್ಟುಕೊಂಡದ್ದು ತಮ್ಮ ಮನೆಯ ಮಹಡಿಯಲ್ಲಿ. ಅಕ್ಕಪಕ್ಕದವರು ಎರಡು ವಾರ ಸಹಿಸಿದರು, ಮೂರನೇ ವಾರ ಕಿಟಕಿ ಬಡಿದರು. ಆಗ ಈಶ್ವರಯ್ಯ ತಮ್ಮ ಗೋದಾಮು ಕೊಟ್ಟರು. ಮಿಲ್ಲು ಓಡುತ್ತಿದ್ದರೆ ಎಷ್ಟು ಕಿರುಚಿದರೂ ಬೀದಿಗೆ ಕೇಳಿಸುವುದಿಲ್ಲ ಎಂದು ಎಲ್ಲರಿಗೂ ಖುಷಿ. ತಿಂಗಳುಗಟ್ಟಲೆ ಆ ಗುಂಯ್‌ಗುಡುವ ಗೋಡೆಗೆ ಬೆನ್ನು ಕೊಟ್ಟು ಹಾಡಿದರು. ಹಾಡು ಗಟ್ಟಿಯಾಯಿತು, ಧೈರ್ಯ ಬಂತು, ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದಲ್ಲಿ ಮೊದಲ ಕಛೇರಿ ಗೊತ್ತಾಯಿತು. ಜಮಖಾನ ಹೊರಲು, ನೀರಿನ ಕ್ಯಾನು ನೋಡಿಕೊಳ್ಳಲು ಜೊತೆಗೊಂದು ಆಳು ಬೇಕೆಂದು ಗಂಗಕ್ಕನನ್ನೂ ವ್ಯಾನು ಹತ್ತಿಸಿಕೊಂಡರು.

ಜಿನನಾಥಪುರದ ಸಂಜೆ ಎಂದರೆ ಎಲೆ ಬಿದ್ದರೂ ಕೇಳಿಸುವ ಸಂಜೆ. ಮೇಳ ಎದ್ದು ನಿಂತು ಮೊದಲ ಹಾಡು ಎತ್ತಿಕೊಂಡಿತು. ಎರಡು ಸಾಲು ದಾಟುವುದರೊಳಗೆ ಹಾಡು ಜಾರತೊಡಗಿತು. ಹೆಂಗಸರು ಒಂದು ಕಡೆ ಇಳಿದರೆ ಗಂಡಸರು ಇನ್ನೊಂದು ಕಡೆ. ಈಶ್ವರಯ್ಯ ಪಾತಾಳಕ್ಕೆ ಹೋಗಿ ಅಲ್ಲಿಂದ ನರಳುತ್ತಿದ್ದರಂತೆ. ಗೋಡೆಯ ದೋಷ, ಚಳಿಗಾಳಿಯ ದೋಷ, ಮಧ್ಯಾಹ್ನ ತಿಂದ ಮೊಸರನ್ನದ ದೋಷ ಎಂದು ಆಮೇಲೆ ಎಲ್ಲರೂ ಒಂದೊಂದು ಹುಡುಕಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಜ ಸಂಗತಿ ಇಷ್ಟೇ: ಇವರು ಒಂದು ದಿನವೂ ನಿಶ್ಶಬ್ದದಲ್ಲಿ ಹಾಡಿದವರಲ್ಲ. ಮಿಲ್ಲಿನ ಸದ್ದಿಗೆ ಒರಗಿಕೊಂಡು ಹಾಡಿ ಅಭ್ಯಾಸ, ಆ ಸದ್ದನ್ನು ಊರಿನಲ್ಲೇ ಬಿಟ್ಟು ಬಂದಿದ್ದಾರೆ.

ಗಂಗಕ್ಕ ಕಂಬದ ಮರೆಯಲ್ಲಿ ನೀರಿನ ಕ್ಯಾನಿನ ಪಕ್ಕ ಕೂತಿದ್ದರು. "ಯಜಮಾನ್ರ ಮಕ ನೋಡಕಾಗ್ನಿಲ್ಲ ಸಾ. ಅಷ್ಟು ಚೆಂದಾಗ್ ಹಾಡ್ತಿದ್ದೋರು. ನಂಗೆ ಗಾಬ್ರಿಯಾದ್ರೆ ಮಿಲ್ಲಂಗೆ ಗುನುಗಾದು ಚಾಳಿ. ಗೊತ್ತಿಲ್ದಂಗೆ ಶುರು ಮಾಡ್ಬುಟ್ಟಿವ್ನಿ." ಮೂರನೇ ಸಾಲಿಗೆ ಹಾಡು ನಿಧಾನವಾಗಿ ತಲೆಯೆತ್ತಿತು, ನಾಲ್ಕನೆಯದಕ್ಕೆ ಎಲ್ಲರೂ ಒಂದೇ ಬಾಗಿಲಿಗೆ ಬಂದು ಕೂಡಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಗಂಗಕ್ಕ ಮಾತ್ರ ಕಛೇರಿಯ ನಡುವೆ ಸದ್ದು ಮಾಡಿದೆನಲ್ಲ, ಬೈಗುಳ ತಪ್ಪದು ಎಂದು ವ್ಯಾನಿನ ಹಿಂದೆ ಹೋಗಿ ನಿಂತಿದ್ದರು. ಮೈತ್ರೇಯಿ ಹುಡುಕಿಕೊಂಡು ಬಂದವರು ಬೈಯಲಿಲ್ಲ. "ಗಂಗಕ್ಕ, ಮುಂದಿನ ಸಲ ಕಂಬದ ಹಿಂದೆ ಬೇಡ, ನಮ್ಮ ಜೊತೆಗೇ ನಿಂತ್ಕೊಳ್ಳಿ," ಎಂದರು.

ಹಾಗೆ ನಿಂತು ಎಷ್ಟೋ ವರ್ಷಗಳಾದವು, ಅಭ್ಯಾಸದ ಹೊತ್ತಿಗೆ ಮಿಲ್ಲು ನಿಲ್ಲಿಸುವುದೂ ರೂಢಿಯಾಯಿತು. ಈಗಂತೂ ಫೋನಿನಲ್ಲೇ ಶ್ರುತಿ ಸಿಗುತ್ತದಲ್ಲ ಎಂದು ಕೇಳಿದರೆ ಮೈತ್ರೇಯಿ ತಲೆಯಾಡಿಸುತ್ತಾರೆ. "ಅದನ್ನೂ ಇಟ್ಟು ನೋಡಿದ್ವಿ. ಫೋನು ತನ್ನ ಪಾಡಿಗೆ ತಾನು ಇರುತ್ತೆ. ನಾವು ಸ್ವಲ್ಪ ಜಾರಿದ್ರೆ ಗಂಗಕ್ಕ ಹತ್ತಿರ ಬಂದು ಕೈ ಹಿಡಿದು ಎತ್ತಿಕೊಂಡು ಹೋಗ್ತಾರೆ. ಫೋನು ಹಾಗೆ ಬರೋದಿಲ್ಲ."

ಕೇಳುಗರಿಗೆ ಇದೊಂದೂ ಗೊತ್ತಾಗುವುದಿಲ್ಲ. ತುಟಿ ಮುಚ್ಚಿಕೊಂಡು ತುದಿಯಲ್ಲಿ ನಿಂತ ಹೆಂಗಸು ಅವರ ಕಣ್ಣಿಗೆ ಸುಮ್ಮನೆ ನಿಂತ ಹೆಂಗಸು. ಅರಕಲಗೂಡಿನಲ್ಲಿ ಕಛೇರಿ ಮುಗಿದ ಮೇಲೆ ಅಜ್ಜಿಯೊಬ್ಬರು ಗಂಗಕ್ಕನನ್ನು ಪಕ್ಕಕ್ಕೆ ಕರೆದು, "ಪಾಪ, ಗಂಟ್ಲು ಕಟ್ಕಂಡಿತ್ತಾ ಮಗ? ಒಂದು ಪದನೂ ಯೋಳ್ನಿಲ್ವಲ್ಲ," ಎಂದು ಸೆರಗಿನ ಗಂಟು ಬಿಚ್ಚಿ ಒಣಶುಂಠಿ ಕೊಟ್ಟರಂತೆ. ಗಂಗಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಗಂಗಕ್ಕ ಇದನ್ನು ನಮಗೆ ಹೇಳಿದ್ದು ನಗಿಸಲೆಂದೇ, ಆದರೆ ಹೇಳಿ ಮುಗಿಸುವಾಗ ಅವರ ದನಿ ತೆಳ್ಳಗಾಗಿತ್ತು.

ಇನ್ನು ಅವ್ವನ ಪದದ ವಿಷಯ. ಗಂಗಕ್ಕನ ಅವ್ವ ಮಾಯಮ್ಮ ನಾಟಿಯ ಆಳು. ಕೆಸರುಗದ್ದೆಯಲ್ಲಿ ಬಗ್ಗಿ ಪೈರು ನೆಡುವಾಗ ಆಕೆಯ ಬಾಯಲ್ಲಿ ಒಂದು ಪದ ಸದಾ ಇರುತ್ತಿತ್ತು:

*ಹೊಳೆಯಾಚೆ ದೀಪ ಉರಿದಾವೊ ನನ ತಂಗಿ*
*ಯಾರ ಮನೆಯವ್ವ ಅದು, ಯಾರ ಮನೆಯೊ*

ಒಂದು ಶನಿವಾರ ಗೋದಾಮು ಗುಡಿಸುತ್ತ ಗಂಗಕ್ಕ ಇದನ್ನು ತಮ್ಮಷ್ಟಕ್ಕೆ ಗುನುಗಿಕೊಳ್ಳುವುದು ಮೈತ್ರೇಯಿಯವರ ಕಿವಿಗೆ ಬಿತ್ತು. ಬಿಡಿಸಿ ಬಿಡಿಸಿ ಕೇಳಿದರು, ಮೇಳಕ್ಕೆ ಹೊಂದಿಸಿದರು. ಇವತ್ತು ಹೊಳೆದಂಡೆ ಮೇಳ ಎಲ್ಲೇ ಹೋಗಲಿ, ಜನ ಕೇಳುವುದು ಇದೊಂದನ್ನೇ. ಚನ್ನರಾಯಪಟ್ಟಣದಲ್ಲಿ ಎರಡೆರಡು ಸಲ ಹಾಡಿಸಿಕೊಂಡರು. ಹಾಡು ಕೊಟ್ಟವರು ಮಾತ್ರ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುತ್ತಾರೆ. ದೀಪದ ಬುಡದಲ್ಲೇ ಕತ್ತಲೆ.

ಅದಕ್ಕಿಂತ ಕಾಡುವ ಸಂಗತಿ ಇನ್ನೊಂದಿದೆ. ಕೊನೆಯ 'ಯಾರ' ಎನ್ನುವಲ್ಲಿ ಅವ್ವನ ದನಿ ನೆಟ್ಟಗೆ ಹೋಗುತ್ತಿರಲಿಲ್ಲ. ಒಂದು ಚೂರು ಕೆಳಗೆ ಬಗ್ಗಿ, ಏನನ್ನೋ ಎತ್ತಿಕೊಂಡು, ಮತ್ತೆ ಮೇಲೆ ಬರುತ್ತಿತ್ತು. ಅಷ್ಟು ಜನ ಒಟ್ಟಿಗೆ ಆ ಇಕ್ಕಟ್ಟಿನಲ್ಲಿ ತಿರುಗುವುದು ಆಗುವ ಮಾತಲ್ಲ. "ಮೇಡಂ, ಅಲ್ಲಿ ಬಸ್ ತಿರ್ಗಲ್ಲ, ಜಾಗ ಸಾಲ್ದು," ಎಂದು ಗುಂಡಯ್ಯ ಕೈಚೆಲ್ಲಿದರು. ಮೈತ್ರೇಯಿ ಆ ತಿರುವನ್ನು ತೆಗೆದು ದಾರಿ ನೆಟ್ಟಗೆ ಮಾಡಿದರು. ಕೇಳುವವರಿಗೆ ಕೊರತೆಯೇನೂ ಕಾಣಲಿಲ್ಲ.

"ಪ್ರತಿ ಸಲ ಅಲ್ಲಿಗೆ ಬಂದಾಗ ಕಾಯ್ತೀನಿ ಸಾ," ಎನ್ನುತ್ತಾರೆ ಗಂಗಕ್ಕ. "ಈಗ ನಮ್ಮವ್ವ ಬಗ್ತಾಳೆ, ಈಗ ಬಗ್ತಾಳೆ ಅಂತ. ಅವ್ರು ನೆಟ್ಟುಗ್ ಓಗ್ಬುಡ್ತಾರೆ. ನಿಲ್ಸಿ ಅನ್ನಕಾಯ್ತದಾ? ನನ್ ಬಾಯಿ ಮುಚ್ಚೈತಲ್ಲ."

ಅವರ ಈ ಮಾತು ಯಾರ ಮೂಲಕವೋ ಮೈತ್ರೇಯಿಯವರಿಗೆ ಮುಟ್ಟಿತು. ಕಳೆದ ಚಳಿಗಾಲದಲ್ಲಿ ಹಾಸನದ ಕಛೇರಿಗೆ ಅವರು ತೀರ್ಮಾನ ಮಾಡಿಯೇಬಿಟ್ಟರು. ಈ ಸಲ ಆ ಪದವನ್ನು ಗಂಗಕ್ಕನೇ ಹೇಳಬೇಕು, ಮೇಳ ಹಿಂದೆ ನಿಲ್ಲಬೇಕು. ಹಾಗಾದರೆ ಸ ಹಿಡಿಯುವವರು ಯಾರು? ಅಭ್ಯಾಸದಲ್ಲಿ ಮೇಳವೇ ಹಾಡಿತು, ಗಂಗಕ್ಕ ಕಛೇರಿಯಲ್ಲೇ ಹೇಳುತ್ತೇನೆ ಎಂದಿದ್ದರು. ಸ ಹಿಡಿಯಲು ಗುಂಡಯ್ಯನನ್ನು ನಿಲ್ಲಿಸಿದರು. ಹಾಡು ಎರಡು ಸಾಲು ಮುಂದೆ ಹೋಗುವುದರೊಳಗೆ ಆತ ಸ್ವರ ಬಿಟ್ಟು ಹಾಡಿನ ಬೆನ್ನು ಹತ್ತಿಹೋದರು. ಮುರಳೀಕೃಷ್ಣರಿಗೆ ಒಂದೇ ಸ್ವರದಲ್ಲಿ ಕೂರಲು ಬೇಸರ, ಅಲ್ಲೇ ಅಲಂಕಾರ ಮಾಡತೊಡಗಿದರು. ಕೊನೆಗೆ ಈಶ್ವರಯ್ಯ ಎದ್ದರು. ಗಂಡಸರ ಸಾಲಿನ ಮುಂಚೂಣಿ ಅವರದು, ಅವರ ದನಿಗೆ ಅಭಿಮಾನಿಗಳೂ ಇದ್ದಾರೆ. "ಹುಟ್ಟಿದಾಗಿಂದ ಆ ಮಿಲ್ಲಿನ ಸದ್ದಲ್ಲೇ ಮಲಗಿದೀನಿ. ನಂಗೆ ಬರಲ್ವಾ ಅದು? ನಾನು ನಿಲ್ತೀನಿ ಬಿಡಿ," ಎಂದವರೇ ಹೋಗಿ ಬಲತುದಿಯಲ್ಲಿ ಬಾಯಿ ಮುಚ್ಚಿ ನಿಂತರು.

ಹಾಸನದ ಆ ಪುಟ್ಟ ಸಭಾಂಗಣದಲ್ಲಿ ಗಂಗಕ್ಕ ಮೊದಲ ಸಲ ಸಾಲು ಬಿಟ್ಟು ಮುಂದೆ ಬಂದರು. ಮಗಳ ಮದುವೆಗೆ ಉಟ್ಟಿದ್ದ ಸೀರೆ. ಪದ ಶುರುವಾಗುವುದೇ ಆ ಸ್ವರದಿಂದ, ಅಲ್ಲಿಂದ ಮೇಲಕ್ಕೆ ಹೆಜ್ಜೆ ಇಡಬೇಕು. ಗಂಗಕ್ಕ ಬಾಯಿ ತೆರೆದರು. ಸ ಬಂತು. ತುಂಬಿದ ಕೊಡದಂಥ ಸ. ಅದು ಅಲ್ಲೇ ನಿಂತಿತು. ಮೈತ್ರೇಯಿ ಕೈಯೆತ್ತಿ ಮೇಲಕ್ಕೆ ಕರೆದರು, ಮತ್ತೆ ಕರೆದರು. ಗಂಗಕ್ಕನ ಕಣ್ಣು ಅಗಲವಾಯಿತು, ಕೊರಳ ನರ ಉಬ್ಬಿತು, ಸ್ವರ ಮಾತ್ರ ಕದಲಲಿಲ್ಲ. ಅಷ್ಟು ವರ್ಷ ಎತ್ತಿನಂತೆ ಒಂದೇ ಗೂಟಕ್ಕೆ ಕಟ್ಟಿಸಿಕೊಂಡ ಗಂಟಲು, ಹಗ್ಗ ಬಿಚ್ಚಿದರೂ ಗೂಟ ಬಿಟ್ಟು ಹೋಗಲಿಲ್ಲ. ಗತ್ಯಂತರವಿಲ್ಲದೆ ಮೈತ್ರೇಯಿ ಮೇಳಕ್ಕೆ ಸನ್ನೆ ಮಾಡಿದರು. ಅವರು ಎಂದಿನ ಹಾಗೆ ಹಾಡಿ ಮುಗಿಸಿದರು, ತಿರುವನ್ನೂ ಎಂದಿನ ಹಾಗೆ ನೆಟ್ಟಗೆ ದಾಟಿದರು. ಜನರಿಗೆ ಏನೂ ಗೊತ್ತಾಗಲಿಲ್ಲ, ಹೊಸ ಬಗೆಯ ಜೋಡಣೆ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಷ್ಟು ನೋಯಿಸಿದ್ದು ಇನ್ನೊಂದಿಲ್ಲ ಎನ್ನುತ್ತಾರೆ ಗಂಗಕ್ಕ.

"ಪದ ಎಲ್ಲಾ ಒಳಗೈತೆ ಸಾ. ಒಂದಕ್ಷರ ಮರ್ತಿಲ್ಲ. ಬಾಗ್ಲೇ ತೆಗಿಯಾಕಿಲ್ಲ ಅಂದ್ರೆ ಏನ್ ಮಾಡಾದು? ವ್ಯಾನಲ್ಲಿ ಬರ್ತಾ ದಾರೀಗುಂಟ ಅತ್ತೆ."

ಮುಂದಿನ ಶನಿವಾರ ಅವರು ಬರುವುದಿಲ್ಲ ಎಂದೇ ಎಲ್ಲರೂ ಎಣಿಸಿದ್ದರು. ಬಂದರು. ಗೋದಾಮು ಗುಡಿಸಿ, ಜಮಖಾನ ಹಾಸಿ, ಬಲತುದಿಯಲ್ಲಿ ನಿಂತರು. ಮೈತ್ರೇಯಿಯವರಿಗೆ ತಡೆಯಲಾಗಲಿಲ್ಲ. "ಆ ತಿರುವನ್ನ ಕಿತ್ತು ಹಾಕಿದ್ದು ನಾನು ಗಂಗಕ್ಕ. ನಿಮ್ಮಿಂದ ಆಗಲ್ಲ ಅಂದ್ರೆ ಬೇಡ. ನಮಗಾದ್ರೂ ಅದು ಬರಲಿ. ಇವತ್ತು ನೀವು ಕೂತ್ಕೊಂಡು ಕೇಳಿ, ಎಲ್ಲಿ ತಪ್ಪಿದ್ರೂ ನಿಲ್ಲಿಸಿ," ಎಂದು ಅವರನ್ನು ಅಕ್ಕಿ ಮೂಟೆಯ ಮೇಲೆ ಕೂರಿಸಿದರು. ಈಶ್ವರಯ್ಯ ಮತ್ತೆ ಸ ಹಿಡಿದರು.

ಮೊದಲು ಎಲ್ಲರೂ ಹಾಡಿದರು. ಗಂಗಕ್ಕ ತಲೆಯಾಡಿಸಿದರು, ಅದಲ್ಲ. ಮುರಳೀಕೃಷ್ಣ ಒಬ್ಬರೇ ಪ್ರಯತ್ನಿಸಿದರು. ಆ ಒಂದು 'ಯಾರ'ಕ್ಕೆ ಅವರು ತೊಡಿಸದ ಬಳುಕಿಲ್ಲ. "ಅಯ್ಯೋ ಸ್ವಾಮಿ," ಎಂದರು ಗಂಗಕ್ಕ, "ನಮ್ಮವ್ವ ನಾಟಿ ಗದ್ದೇಲಿದ್ಲು. ಅಷ್ಟೊಂದು ಒಡವೆ ಆಕ್ಕಂಡು ಕೆಸ್ರಿಗೆ ಇಳಿಯಾಕಾಯ್ತದಾ?" ಗೋದಾಮು ಗೊಳ್ಳೆಂದಿತು, ಅರ್ಚಕರೂ ನಕ್ಕರು. ಗುಂಡಯ್ಯ ಎದ್ದು ಹಾಡಿ, ಬಗ್ಗಬೇಕಾದ ಕಡೆ ಮುಗ್ಗರಿಸಿ ಬಿದ್ದರು. ಅಲ್ಲಿಗೆ ಗಂಗಕ್ಕನ ತಾಳ್ಮೆ ಕೆಟ್ಟಿತು.

"ಅಂಗಲ್ಲ ಕಣಯ್ಯ! ಮೊದ್ಲಿಂದ ಬಂದ್ರೆ ತಾನೆ ತಿರುವು ಸಿಗಾದು? ಕೇಳಿಲ್ಲಿ."

ಮೂಟೆಯಿಂದ ಎದ್ದು ನಿಂತು ಅವರು ಶುರುಮಾಡಿದರು. *ಹೊಳೆಯಾಚೆ ದೀಪ ಉರಿದಾವೊ ನನ ತಂಗಿ.* ಕಣ್ಣು ಗುಂಡಯ್ಯನ ಮುಖದ ಮೇಲೆ, ಒಂದು ಕೈ ಗಾಳಿಯಲ್ಲಿ ಪೈರು ನೆಡುವಂತೆ ಕೆಳಗೆ ಹೋಗಿ ಬರುತ್ತಿತ್ತು. ದಪ್ಪ ದನಿ ಒಂದೊಂದೇ ಮೆಟ್ಟಿಲು ಹತ್ತಿತು, ಕೊನೆಯ 'ಯಾರ'ದಲ್ಲಿ ಬಗ್ಗಿತು, ಎತ್ತಿಕೊಂಡಿತು, ಮೇಲೆ ಬಂತು. ಒಂದು ನುಡಿ ಹೇಳಿದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು, ಪದ ಪೂರ್ತಿ. ಮೈತ್ರೇಯಿಯವರ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಈಶ್ವರಯ್ಯನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಆದರೂ ಸ್ವರ ಬಿಡಲಿಲ್ಲ, ಬಿಟ್ಟರೆ ಎಲ್ಲಿ ಅವರು ನಿಂತುಬಿಡುತ್ತಾರೋ ಎಂಬ ಭಯ.

"ತಿಳೀತಾ? ಈಗ ಯೋಳು," ಎಂದು ಗುಂಡಯ್ಯನಿಗೆ ಗದರಿ ಗಂಗಕ್ಕ ಮೂಟೆಯ ಮೇಲೆ ಕೂತರು. ಆಗಿದ್ದೇನೆಂದು ಯಾರೂ ಅವರಿಗೆ ಹೇಳಲಿಲ್ಲ. "ಹೇಳಿದ್ರೆ ಮತ್ತೆ ಬಾಗಿಲು ಮುಚ್ಚಿಹೋಗುತ್ತೇನೋ ಅನ್ನಿಸ್ತು," ಎಂದು ಮೈತ್ರೇಯಿ ನೆನೆಯುತ್ತಾರೆ. ಆ ಸಂಜೆ ಮೇಳಕ್ಕೆ ತಿರುವು ಮುಕ್ಕಾಲು ಪಾಲು ಬಂತು.

ಗಂಗಕ್ಕನಿಗೆ ಗೊತ್ತಾದದ್ದು ಮನೆಗೆ ಹೋಗಿ ಒಲೆಯ ಮುಂದೆ ಮುದ್ದೆ ತೊಳಸುವಾಗ. "ಕೋಲು ಅಂಗೇ ನಿಂತೋಯ್ತು ಸಾ. ನಾನು ಪದ ಯೋಳ್ಬುಟ್ನಲ್ಲ ಅಂತ. 'ಯಾಕಮ್ಮಿ ನಿಂತೆ, ಗಂಟಾಯ್ತದೆ' ಅಂದ ನನ್ ಗಂಡ. ಆ ಗುಂಡಯ್ಯನ್ ಮ್ಯಾಲಿನ ಸಿಟ್ಟಲ್ಲಿ ಯೋಳುದ್ದು, ಎಂಗ್ ಯೋಳುದ್ನೋ ನಂಗೇ ಕೇಳಿಸ್ನಿಲ್ಲ. ಅಷ್ಟು ವರ್ಸ ಕಾದಿದ್ದು, ಬಂತು, ಓಯ್ತು, ನಾನು ಅಲ್ಲಿರ್ಲೇ ಇಲ್ಲ."

ಅರಕಲಗೂಡಿನಿಂದ ಮತ್ತೆ ಕರೆ ಬಂದಿದೆ. ಪದ ಹೇಳುವಾಗ ಗಂಗಕ್ಕ ಮುಂದೆ ಬರುತ್ತಾರೋ, ತುದಿಯಲ್ಲೇ ಉಳಿಯುತ್ತಾರೋ, ಮೇಳದಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಈಶ್ವರಯ್ಯ ಮಾತ್ರ ಮಿಲ್ಲಿನ ಲೆಕ್ಕ ನೋಡುತ್ತಲೇ ಬಾಯಿ ಮುಚ್ಚಿ ಅಭ್ಯಾಸ ಮಾಡುತ್ತಿರುತ್ತಾರೆ. ಏನು ಮಾಡುತ್ತೀರಿ ಎಂದು ಕೇಳಿದರೆ ಗಂಗಕ್ಕ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ನಮ್ಮವ್ವನ್ನ 'ಅವ್ವ, ಆ ಪದ ಯೋಳು' ಅಂದ್ರೆ, 'ಯಾವ್ ಪದ್ವಮ್ಮಿ, ನಂಗ್ಯಾವ್ ಪದ ಬತ್ತದೆ' ಅನ್ನೋಳು. ನಾಟಿ ಮಾಡ್ತಾ ಜೀವ್ಮಾನ ಎಲ್ಲಾ ಯೋಳುದ್ಲು. ಯೋಳ್ತಾವ್ನಿ ಅಂತ ಗೊತ್ತಿಲ್ದಲೇ ಓಗ್ಬುಟ್ಲು ಸಾ. ನಂಗೆ ಚಪ್ಪಾಳೆ ಬ್ಯಾಡ, ಮುಂದಿನ್ ಸಾಲೂ ಬ್ಯಾಡ. ಒಂದೇ ಒಂದ್ಸಲ, ಯೋಳ್ತಾವ್ನಿ ಅಂತ ಗೊತ್ತಿದ್ದು ಯೋಳ್ಬೇಕು."